ಎರಡು ಮೊಳೆ

ಎಲ್ ಒಂದು, ವಾಯ್ ಒಂದು,
ಹತ್ತು ಪಾಯಿಂಟಿನ ಸೀಸದ ಮೊಳೆ.
ಕೇಸಿನ್ಯಾಗ ಅವು ದೂರ ದೂರದ ಮನಿ,
ನನ್ನ ಬಟ್ಟು ಮಾತ್ರ ಕಣ್ಣು ಮುಚ್ಚಿ ಎರಡನ್ನೂ ಕರಕೊಂಡು ಬರತಿದ್ದವು.

ಗದಗಿನ ಸ್ಟೇಶನ್ ರೋಡಿನ ಪ್ರೆಸ್ಸು.
ಮುಂದ ಲಗ್ನಪತ್ರಿಕೆ, ಹಿಂದ ಬಿಲ್‌ಬುಕ್ಕು,
ನಡುವ ನಾನು, ಏಳನೇ ಇಯತ್ತೆ ನಪಾಸು,
ಉಲ್ಟಾ ಅಕ್ಷರ ಓದೂದರಾಗ ಮಾತ್ರ ಪಾಸು.

ಸಂಜೀಕ ಪ್ರೂಫ್ ನೋಡಾಕ ಹೊಂಬಳ ಮಾಸ್ತರು ಬರೋರು,
ಕಿವಿಮ್ಯಾಲೆ ಕೆಂಪು ಪೆನ್ಸಿಲ್ಲು, ಕಿಸೆದಾಗ ಶೇಂಗಾ.
ಕರೆಂಟು ಹೋತಂದ್ರ ಇಂಗ್ಲೀಷು ಚಾಲೂ:
"ಹೆಸರಿನ ಮುಂದ ನಿಂತರ ಸ್ಲೋ,
ಕೆಲಸದ ಬೆನ್ನು ಹತ್ತಿದರ ಸ್ಲೋಲಿ.
ಅಂವ ಸ್ಲೋ ಮನಶ್ಯಾ. ಸ್ಲೋಲಿ ಉಣತಾನ."
"ನಮ್ಮದರಾಗ ಈ ತಂಟೇನ ಇಲ್ರಿ," ನಾ ಅಂದೆ.
"ಚೊಲೋ ಹುಡುಗ. ಚೊಲೋ ಹಾಡತಾನ.
ಒಂದ ಚೊಲೋ ಎರಡೂ ಕಡೆ ದುಡೀತೈತಿ."
"ಅವರಿಗೆ ಗುಡ್ಡು ಬ್ಯಾರೆ, ವೆಲ್ಲು ಬ್ಯಾರೆ."
"ವೆಲ್ ಅಂದ್ರ ಬಾವಿ ಅಲ್ರಿ?"
"ಬಾವೀನೂ ಹೌದು. ಸುಮ್ನ ಶೇಂಗಾ ತಿನ್ನು."

ಆ ವರ್ಸ ಬೆಟಗೇರಿ ಕಡೆ ಒಂದು ಜಿನ್ನಿಂಗ್ ಫ್ಯಾಕ್ಟರಿ ಮುಚ್ಚಿತು.
ಮ್ಯಾನೇಜರ ನಾಕ ಸಾಲು ಬರದ ಕೊಟ್ಟ,
ಐವತ್ತು ಸರ್ಟಿಫಿಕೇಟು, ಹೆಸರು ಖಾಲಿ, ವರ್ಸ ಖಾಲಿ:
ಈ ಮನುಷ್ಯ ನಮ್ಮಲ್ಲಿ ವರ್ಕ್ಡ್ ಹಾರ್ಡ್.

ವರ್ಕ್ಡ್, ಅದು ಕೆಲಸ. ಅದರ ಬೆನ್ನಿಗೆ ಹಾರ್ಡ್.
ಬಾಲ ಇಲ್ಲ!
ಓದಿದ ಮನಶ್ಯಾಗ ಇಷ್ಟೂ ತಿಳೀಬಾರದ?
ಮಾಸ್ತರು ಮಗಳ ಹೆರಿಗಿ ಅಂತ ಲಕ್ಷ್ಮೇಶ್ವರಕ್ಕ ಹೋಗಿದ್ದರು.
ಎಲ್ ತಗದೆ. ವಾಯ್ ತಗದೆ.
ಸ್ಟಿಕ್ಕಿನ್ಯಾಗ ಮೆತ್ತಗ ಇಟ್ಟೆ.
ಟ್ರೆಡಲ್ಲು ಐವತ್ತು ಸರ್ತಿ ಬಾಯಿ ತೆರದು
ಐವತ್ತು ಸರ್ತಿ ಮುಚ್ಚಿತು.

ತಿಂಗಳಾದ ಮ್ಯಾಲೆ ದಾವಲಸಾಬ ನದಾಫ ಬಂದ,
ಹತ್ತಿ ಬೇಲು ಕಟ್ಟಾಂವ, ಮೀಸ್ಯಾಗ ಇನ್ನೂ ಎರಡು ಎಳಿ ಬಿಳೇದು.
ಹುಬ್ಬಳ್ಳಿ ಗೋಡೌನಿನ ಸಾಹೇಬ ಕಾಗದ ಓದಿ ನಕ್ಕನಂತ.
ಬಾಜೂದಾಂವನ್ನ ಕರದು ತೋರಿಸಿದನಂತ.
"ನನ್ನ ಬಗ್ಗೆ ಏನ ಬರದೀಯಪಾ?
ನಗೂ ಹಂಗ ಏನೈತಿ ಅದರಾಗ?"

ಮಾಸ್ತರು ಕಾಗದಾ ಬೆಳಕಿಗೆ ಹಿಡದರು.
ಭಾಳೊತ್ತು ಏನೂ ಅನ್ನಲಿಲ್ಲ.
ಆಮ್ಯಾಲೆ ನನಗ ಅಷ್ಟ ಕೇಳೂ ಹಂಗ:
"ಹಾರ್ಡ್‌ಗೆ ಬಾಲ ಹಚ್ಚಿದರ ಮಾರಿ ತಿರವತೈತಿ ಅದು.
ಮೈಮುರದು ದುಡದಾನ ಅನ್ನೂ ಜಾಗಾದಾಗ
ದುಡದದ್ದ ಇಲ್ಲ ಅನ್ನೂ ಹಂಗ ಅಚ್ಚಾಗೇತಿ.
ಎಲ್ಲಾ ಎತ್ತಿಗೂ ಒಂದ ಅಳತಿ ನೊಗ ಕೂಡೂದಿಲ್ಲೋ."

ದಾವಲಸಾಬಗ ಏನಂತ ಹೇಳೂದು?
ಕೇಸಿನಿಂದ ಎರಡು ಮೊಳೆ ಆರಿಸಿ
ಅವನ ಅಂಗೈಯಾಗ ಇಟ್ಟೆ. "ಇಷ್ಟ ಕಾಕಾ, ತಪ್ಪು. ಇಷ್ಟ."
ಬೇಲು ತೂಗಿದ ಕೈ, ಅದನ್ನೂ ತೂಗಿ ನೋಡಿತು.
"ಇದಕ್ಕ ವಜ್ಜಾನ ಇಲ್ಲಲ್ಲೋ."
ಜಡ್ಡುಗಟ್ಟಿದ ಚರ್ಮದ ಮ್ಯಾಲೆ
ಮೊಳೆ ನಿಲ್ಲಲಿಲ್ಲ, ಹೊಳ್ಳಿ ಬಿದ್ದವು.
ಬಾಲ ಇಲ್ಲದ ಹಾರ್ಡ್ ಅಂದ್ರ ಏನಂತ
ಅವತ್ತ ನೋಡಿದೆ.

ಮಾಸ್ತರು ತಮ್ಮ ರೊಕ್ಕದಾಗ ಮತ್ತ ಐವತ್ತು ಹಾಕಿಸಿದರು.
ಸಹಿಗೆ ಮ್ಯಾನೇಜರನ ಮನಿ ಬಾಗಲಾ ನಾ ಕಾದೆ.
ಸೈಕಲ್ ತುಳದು ಹುಡುಕಿದರ
ಸಿಕ್ಕದ್ದು ಮೂವತ್ತೊಂದು ಮಂದಿ.

ಮಾಸ್ತರು ಹೋದಾಗ, ಬ್ಯಾಂಕಿನ್ಯಾಗಿದ್ದ ಮಗ
ಇಂಗ್ಲೀಷ್ ಕಾರ್ಡ ಬೇಕಂದ. ಜೋಡಿಸಿದಾಂವ ನಾನ.
ಹೆಸರಿನ ಮುಂದ ಲೇಟ್ ಅಂತ ಇಡಬೇಕಲ್ಲ,
ಹೊತ್ತಿಗೆ ಎಂದೂ ತಪ್ಪದ ಮನಶ್ಯಾಗ!
ಮೊನ್ನೆ ಮೊನ್ನೆ ಹೋಗ್ಯಾರ, ಲೇಟ್ಲಿ ಅಂದ್ರೂ ನಡೀತೈತೇನು?
ಕೇಳೂನಂದ್ರ ಕೆಂಪು ಪೆನ್ಸಿಲ್ಲಿನವರ ಇಲ್ಲ.
ಕೈಯಾಗಿನ ಮೊಳೆ ವಾಪಸ್ ಕೇಸಿಗೆ ಹಾಕಿದೆ.

ಹತ್ತೊಂಬತ್ತು ಕಾಗದ ಇನ್ನೂ ಎಲ್ಲೋ ಅದಾವು,
ಯಾರದೋ ಟ್ರಂಕಿನ ತಳಕ್ಕ, ಸೀರಿ ಮಡಿಕಿಯಾಗ,
ಇಲ್ಲಾ ಗ್ವಾಡಿಮ್ಯಾಲೆ ಗಾಜು ಹಾಕಿಸಿ, ಊದಿನಕಡ್ಡಿ ಹಚ್ಚಿ.
ಮೊಮ್ಮಗಳು ಕಾನ್ವೆಂಟಿಗೆ ಹೊಂಟಾಳು.
ಇನ್ನೇನು ಓದಾಕ ಕಲೀತಾಳ.